ಲಿಮಿಟೆಡ್ ಎಂದರೆ ಯಾವುದಕ್ಕೆ ಮಿತಿ?

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್ ಎಂದರೆ ಈಗ ಎಲ್ಲರಿಗೂ ನೆನಪಾಗುವುದು ಹೆಲಿಕಾಪ್ಟರ್ ಕಾರ್ಖಾನೆ. ಕಾವಲ್ ಎಂದರೆ ಹಿಂದೆ ದನ ಮೇಯಲು ಮೀಸಲಿಟ್ಟಿದ್ದ ಹುಲ್ಲುಗಾವಲು. ಅಂಥ ಹೆಸರಿನ ಜಾಗದಲ್ಲಿ 615 ಎಕರೆ ವಿಸ್ತಾರದ ಕಾರ್ಖಾನೆ ಎದ್ದಿದೆ. 2016ರ ಜನವರಿ 3ರಂದು ಶಂಕುಸ್ಥಾಪನೆಯಾಯಿತು, 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಅಲ್ಲಿ ತಯಾರಾಗುವ ಹೆಲಿಕಾಪ್ಟರ್ ಎಷ್ಟು ಎತ್ತರ ಹಾರುತ್ತದೆ, ಎಷ್ಟು ಜನರಿಗೆ ಕೆಲಸ ಸಿಗುತ್ತದೆ ಎಂದು ನಮ್ಮ ಸೈನ್ಸ್ ವಿಭಾಗದ ಗೆಳೆಯರು ಮಾತಾಡುತ್ತಾರೆ. ಕಾಮರ್ಸ್ ಓದುವ ನನ್ನ ಕಣ್ಣು ಹೋದದ್ದು ಕಾರ್ಖಾನೆಯ ಮಾಲೀಕ ಸಂಸ್ಥೆಯ ಹೆಸರಿನ ಕೊನೆಯ ಪದದ ಮೇಲೆ. ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್. ಲಿಮಿಟೆಡ್ ಎಂದರೆ ಮಿತಿ ಇರುವುದು. ಯಾವುದಕ್ಕೆ ಮಿತಿ?

ದ್ವಿತೀಯ ಪಿಯುಸಿ ಅಕೌಂಟೆನ್ಸಿಯಲ್ಲಿ ಷೇರು ಬಂಡವಾಳದ ಅಧ್ಯಾಯ ಓದಿದವರಿಗೆ ಉತ್ತರ ಗೊತ್ತಿರುತ್ತದೆ. ಬೇರೆಯವರಿಗಾಗಿ ಹೇಳುತ್ತೇನೆ. ಕಂಪನಿ ಸಾಲದಲ್ಲಿ ಮುಳುಗಿದರೆ ಷೇರುದಾರ ತಾನು ಕೊಡಲು ಒಪ್ಪಿದ ಷೇರು ಹಣದವರೆಗೆ ಮಾತ್ರ ಹೊಣೆ. ಅವನ ಮನೆ, ಜಮೀನು, ಮನೆಯವರ ಒಡವೆ ಮುಟ್ಟುವಂತಿಲ್ಲ. ಹತ್ತು ರೂಪಾಯಿ ಷೇರಿಗೆ ಏಳು ರೂಪಾಯಿ ಕೊಟ್ಟಿದ್ದರೆ ಉಳಿದ ಮೂರು ರೂಪಾಯಿಗೆ ಅವನು ಜವಾಬ್ದಾರ. ಹತ್ತನ್ನೂ ಕೊಟ್ಟಿದ್ದರೆ ಅವನ ಲೆಕ್ಕ ಚುಕ್ತಾ. ಪಾಲುದಾರಿಕೆ ಅಂಗಡಿಯಲ್ಲಿ ಹೀಗಿಲ್ಲ, ಅಲ್ಲಿ ಸಾಲ ಪಾಲುದಾರನ ಮನೆ ಬಾಗಿಲಿಗೂ ಬರುತ್ತದೆ.

(ನಡುವೆ ಒಂದು ಮಾತು. ನಮ್ಮ ಮನೆಮಾತು ಉರ್ದು. ಮೊದಲ ವರ್ಷ ಕನ್ನಡದಲ್ಲಿ ಲೆಕ್ಕಶಾಸ್ತ್ರ ಓದಲು ಹೆದರಿದ್ದೆ. ಆದರೆ ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ, ಕರಾರು, ಜವಾಬ್ದಾರಿ ಎಲ್ಲವೂ ನಮ್ಮ ಅಡುಗೆಮನೆಯಲ್ಲಿ ಕೇಳುವ ಪದಗಳೇ. ಭಯ ಅರ್ಧ ಇಳಿಯಿತು.)

ಹಾಗಾದರೆ ಕಂಪನಿಗೆ ಸಾಲ ಕೊಡುವವನಿಗೆ, ಉದ್ರಿಯಲ್ಲಿ ಸರಕು ಕೊಡುವವನಿಗೆ ಏನು ಭರವಸೆ? ಷೇರುದಾರರು ಕಂಪನಿಗೆ ಹಾಕಿದ ಹಣ ಮತ್ತು ಹಾಕುತ್ತೇವೆ ಎಂದು ಒಪ್ಪಿದ ಹಣ. ಇವೆರಡರ ನಡುವೆ ಇರುವ ಅಂತರವೇ ಈ ಲೇಖನದ ವಿಷಯ.

ಬಿದರೆಹಳ್ಳಿ ಕಾವಲ್ ಕಾರ್ಖಾನೆಯ ಕಂಪನಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ಪ್ರೈವೇಟ್ ಲಿಮಿಟೆಡ್ ಕಂಪನಿ ಹುಟ್ಟುಹಾಕಿದರು. ಆಗ ಮೈಸೂರಿನ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ನೋಂದಣಿಯಾದದ್ದು ಮೈಸೂರು ಕಂಪನಿ ಕಾಯ್ದೆಯಡಿ. ಯಂತ್ರೋಪಕರಣ ಮತ್ತು ತಾಂತ್ರಿಕ ನೆರವು ಬಂದದ್ದು ವಿಲಿಯಂ ಪಾಲಿ ಎಂಬ ಅಮೆರಿಕನ್ನನಿಂದ. ಆತ ಅದಕ್ಕೂ ಮೊದಲು ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವನು. ಅಂದರೆ ನಮ್ಮ ಕಂಪನಿಗೂ ಚೀನಾಕ್ಕೂ ಹುಟ್ಟಿನಿಂದಲೇ ಒಂದು ಎಳೆ ಇದೆ.

ಈಗ ಅಂಕಿ ನೋಡಿ. ಆ ಕಂಪನಿಯ ಅಧಿಕೃತ ಬಂಡವಾಳ 4 ಕೋಟಿ ರೂಪಾಯಿ. ಪಾವತಿಯಾದ ಬಂಡವಾಳ 40 ಲಕ್ಷ. ಹತ್ತರಲ್ಲಿ ಒಂದು ಭಾಗ. ಇದರಲ್ಲಿ ಮೋಸವೇನೂ ಇಲ್ಲ. ಅಧಿಕೃತ ಬಂಡವಾಳ ಎಂದರೆ ಇಷ್ಟರವರೆಗೆ ಷೇರು ಹಂಚಬಹುದು ಎಂಬ ಗಡಿ ಅಷ್ಟೇ, ಪೆಟ್ಟಿಗೆಯಲ್ಲಿರುವ ದುಡ್ಡಲ್ಲ. 1941ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ಷೇರುದಾರನಾಗಿ ಸೇರಿತು, ಆಗ ಪಾವತಿಯಾದ ಬಂಡವಾಳ 75 ಲಕ್ಷಕ್ಕೆ ಏರಿತ್ತು, ಅದರ ಮೂರನೇ ಒಂದು ಭಾಗ ಸರ್ಕಾರದ್ದು. 1942ರಲ್ಲಿ ಆಡಳಿತವನ್ನೂ ಸರ್ಕಾರವೇ ವಹಿಸಿಕೊಂಡಿತು. 1964ರ ಅಕ್ಟೋಬರ್ 1ರಂದು ಏರೋನಾಟಿಕ್ಸ್ ಇಂಡಿಯಾ ಲಿಮಿಟೆಡ್ ಜೊತೆ ವಿಲೀನವಾಗಿ ಈಗಿನ ಹೆಸರು ಬಂತು.

ಅಧಿಕೃತ ಮತ್ತು ಪಾವತಿಯಾದ ಬಂಡವಾಳದ ವ್ಯತ್ಯಾಸ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ನನ್ನ ಮಾಮುಗೆ ಅದು 2,40,000 ರೂಪಾಯಿಯ ಪ್ರಶ್ನೆಯಾಯಿತು. ಅಮ್ಮಿಯ ತಮ್ಮನಾದ ಅವರದು ಗುಬ್ಬಿಯ ಬಿ.ಎಚ್. ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ. ಗೇಟು, ಗ್ರಿಲ್ಲು, ಶೀಟು ಹೊದಿಸುವ ಕಬ್ಬಿಣದ ಚೌಕಟ್ಟು ಮಾಡುತ್ತಾರೆ. ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಗೋಡೌನಿಗೆ ಕೆಲಸ ಮಾಡಿಕೊಟ್ಟರು. ಬಿಲ್ಲು 3,40,000. ಅಡ್ವಾನ್ಸ್ ಬಂದದ್ದು ಒಂದು ಲಕ್ಷ. ಉಳಿದದ್ದು ಬರಲೇ ಇಲ್ಲ. ಉಧಾರ್ ಯಾಕೆ ಕೊಟ್ಟಿರಿ ಎಂದು ಅಬ್ಬಾ ಕೇಳಿದರೆ ಮಾಮು, “ಕಂಪನಿ ಹೈ ಭಾಯ್, ಭಾಗ್ ಕೋ ಕಾಂ ಜಾತಿ?” ಎಂದಿದ್ದರು. ಕಂಪನಿ ಅಲ್ಲವೇ, ಓಡಿ ಎಲ್ಲಿಗೆ ಹೋದೀತು ಎಂಬುದು ಅವರ ನಂಬಿಕೆ. ಬೀದಿಬದಿಯ ವ್ಯಾಪಾರಿಗಿಂತ ಲಿಮಿಟೆಡ್ ಎಂದು ಬೋರ್ಡು ಹಾಕಿದವನು ಗಟ್ಟಿ ಎಂದು ನಮ್ಮ ಕಡೆ ಅನೇಕರು ಹೀಗೇ ತಿಳಿದಿದ್ದಾರೆ. ನಿಜಕ್ಕೂ ಆ ಪದ ಎಚ್ಚರಿಕೆಯ ಪದ. ನನ್ನ ಹೊಣೆಗೆ ಮಿತಿ ಇದೆ, ನೋಡಿಕೊಂಡು ವ್ಯವಹಾರ ಮಾಡು ಎಂದು ಎದುರಿನವನಿಗೆ ಹೇಳುವುದಕ್ಕೇ ಕಾನೂನು ಅದನ್ನು ಹೆಸರಿನಲ್ಲಿ ಬರೆಸುತ್ತದೆ.

ಆ ಕಂಪನಿ ಬಾಗಿಲು ಹಾಕಿದ ಮೇಲೆ ನಾನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅದರ ವಿವರ ತೆಗೆದು ನೋಡಿದೆ. ಅಧಿಕೃತ ಬಂಡವಾಳ 10 ಲಕ್ಷ. ಪಾವತಿಯಾದದ್ದು 1 ಲಕ್ಷ. ಮಾಮುಗೆ ಕೊಡಬೇಕಾದ ಬಾಕಿಯೇ ಅದರ ಎರಡೂವರೆ ಪಟ್ಟು ಹತ್ತಿರ.

ಅದೇ ವಾರ ತರಗತಿಯಲ್ಲಿ ಷೇರು ಮುಟ್ಟುಗೋಲಿನ ಲೆಕ್ಕ ನಡೆಯುತ್ತಿತ್ತು. ಷೇರುದಾರ ಕರೆ ಹಣ ಕೊಡದಿದ್ದರೆ ನೋಟಿಸ್ ಕೊಟ್ಟು ಅವನ ಷೇರನ್ನು ಕಂಪನಿ ಕಿತ್ತುಕೊಳ್ಳುತ್ತದೆ, ಆಮೇಲೆ ಮರುವಿತರಣೆ, ಕ್ಯಾಪಿಟಲ್ ರಿಸರ್ವ್, ನಿಮಗೆ ಗೊತ್ತೇ ಇದೆ. ಇದು ಈ ಕಾಲದಲ್ಲಿ ಎಲ್ಲಾದರೂ ನಿಜವಾಗಿ ನಡೆಯುತ್ತದೆಯೇ ಅಥವಾ ಪರೀಕ್ಷೆಗೆ ಮಾತ್ರವೇ ಎಂದು ಕೇಳಿದೆ. ಚೀನಾದಲ್ಲಿ ಇದನ್ನು ಹೊಸದಾಗಿ ಕಾನೂನಿಗೆ ತಂದಿದ್ದಾರೆ, ಓದಿಕೊಂಡು ಬಾ ಎಂದರು ಸರ್. ಓದಿದೆ. ಪಠ್ಯದಲ್ಲಿ ಸಣ್ಣ ಅಕ್ಷರದಲ್ಲಿರುವ ವಿಷಯ ಅಲ್ಲಿ ಲಕ್ಷಾಂತರ ಕಂಪನಿಗಳ ತಲೆನೋವಾಗಿದೆ.

ಚೀನೀ ಭಾಷೆಯಲ್ಲಿ ಲಿಮಿಟೆಡ್ ಕಂಪನಿಗೆ ‘ಯೌಶಿಯೆನ್ ಗೊಂಗ್ಸಿ’ ಎನ್ನುತ್ತಾರೆ. ‘ಯೌಶಿಯೆನ್’ ಎಂದರೆ ಮಿತಿ ಇರುವ. ಅದೇ ಎಚ್ಚರಿಕೆ. ಅಲ್ಲಿನ ಮೊದಲ ಕಂಪನಿ ಕಾನೂನು 1904ರಷ್ಟು ಹಳೆಯದು, ಚಿಂಗ್ ದೊರೆಗಳ ಕಾಲದ್ದು. 1949ರಲ್ಲಿ ಕಮ್ಯುನಿಸ್ಟರು ಬಂದಾಗ ಹಳೆಯ ಕಾನೂನುಗಳೆಲ್ಲ ರದ್ದಾದವು. 1950ರ ದಶಕ ಮುಗಿಯುವ ಮೊದಲೇ ಖಾಸಗಿ ಕಾರ್ಖಾನೆಗಳು ಸರ್ಕಾರದ ಕೈಸೇರಿದವು. ಬಾಗಿಲು ಮತ್ತೆ ತೆರೆದದ್ದು 1979ರಲ್ಲಿ, ವಿದೇಶಿಯರ ಜೊತೆ ಜಂಟಿ ಉದ್ಯಮಕ್ಕೆ ಅವಕಾಶ ಕೊಡುವ ಕಾನೂನಿನಿಂದ. ಪೂರ್ಣ ಪ್ರಮಾಣದ ಕಂಪನಿ ಕಾನೂನಿಗೆ ಒಪ್ಪಿಗೆ ಸಿಕ್ಕಿದ್ದು 1993ರ ಡಿಸೆಂಬರ್ 29ರಂದು. ಜಾರಿಗೆ ಬಂದದ್ದು 1994ರ ಜುಲೈ 1ರಿಂದ.

ಆ 1993ರ ಕಾನೂನು ತುಂಬ ಬಿಗಿ. ತಯಾರಿಕೆ ಅಥವಾ ಸಗಟು ವ್ಯಾಪಾರದ ಕಂಪನಿ ಕಟ್ಟಬೇಕಾದರೆ ಕನಿಷ್ಠ 5 ಲಕ್ಷ ಯುವಾನ್, ಚಿಲ್ಲರೆ ವ್ಯಾಪಾರಕ್ಕೆ 3 ಲಕ್ಷ, ಸೇವೆ ಒದಗಿಸುವುದಕ್ಕೆ 1 ಲಕ್ಷ. ಸಾರ್ವಜನಿಕ ಷೇರು ಕಂಪನಿಯಾದರೆ 1 ಕೋಟಿ ಯುವಾನ್. (2025ರಲ್ಲಿ ಒಂದು ಯುವಾನ್ ಎಂದರೆ ಹತ್ತಿರಹತ್ತಿರ 12 ರೂಪಾಯಿ ಇತ್ತು.) ಪೂರ್ತಿ ಹಣ ಮೊದಲೇ ಕಟ್ಟಿ ಲೆಕ್ಕಪರಿಶೋಧಕರಿಂದ ದೃಢೀಕರಣ ತರಬೇಕಿತ್ತು. ಕೇಳಲು ಚೆನ್ನಾಗಿದೆ. ಆದರೆ ಜನ ದಾರಿ ಹುಡುಕಿದರು. ಯಾರಿಂದಲೋ ಹಣ ಎರವಲು ತಂದು ಖಾತೆಗೆ ಹಾಕುವುದು, ಪ್ರಮಾಣಪತ್ರ ಸಿಕ್ಕ ಮೇಲೆ ವಾಪಸ್ ತೆಗೆಯುವುದು. ನೆಂಟರ ಮದುವೆಗೆ ಎರವಲು ಒಡವೆ ಹಾಕಿಕೊಂಡು ಹೋದ ಹಾಗೆ. ಹಾಗೆ ಹಣ ಹಿಂತೆಗೆಯುವುದನ್ನು ಅಪರಾಧವೆಂದೇ ಕಾನೂನಿನಲ್ಲಿ ಬರೆದರು, ಆದರೂ ನಿಲ್ಲಲಿಲ್ಲ.

2005ರ ತಿದ್ದುಪಡಿಯಲ್ಲಿ ಕನಿಷ್ಠ ಬಂಡವಾಳವನ್ನು 30,000 ಯುವಾನ್‌ಗೆ ಇಳಿಸಿದರು. ಐದನೇ ಒಂದು ಭಾಗ ಮೊದಲು, ಉಳಿದದ್ದು ಎರಡು ವರ್ಷದಲ್ಲಿ. ಒಬ್ಬನೇ ಷೇರುದಾರನಿರುವ ಕಂಪನಿಗೂ ಅವಕಾಶ ಬಂತು. 2013ರ ಕೊನೆಯಲ್ಲಿ ಇನ್ನೊಂದು ತಿದ್ದುಪಡಿಯಾಯಿತು. ಅದು 2014ರ ಮಾರ್ಚ್ 1ರಿಂದ ಜಾರಿಯಾದಾಗ ಹೆಚ್ಚಿನ ಕಂಪನಿಗಳಿಗೆ ಕನಿಷ್ಠ ಮಿತಿಯೇ ಹೋಯಿತು, ಗಡುವೂ ಹೋಯಿತು. ಎಷ್ಟು ಬಂಡವಾಳ ಎಂದು ನೀವೇ ಬರೆದುಕೊಳ್ಳಿ, ಯಾವಾಗ ಕಟ್ಟುತ್ತೀರಿ ಎಂದೂ ನೀವೇ ಬರೆದುಕೊಳ್ಳಿ. ಉದ್ದೇಶ ಒಳ್ಳೆಯದೇ. ಕೈಯಲ್ಲಿ ಹಣವಿಲ್ಲದ ಹುಡುಗರೂ ಕಂಪನಿ ತೆರೆಯಲಿ ಎಂದು. ತೆರೆದರು ಕೂಡ.

ತೊಂದರೆ ಶುರುವಾದದ್ದು ಇಲ್ಲಿಂದಲೇ. ದೊಡ್ಡ ಅಂಕಿ ಬರೆದುಕೊಳ್ಳಲು ಖರ್ಚಿಲ್ಲ ಎಂದಾದ ಮೇಲೆ ಯಾರು ಬಿಡುತ್ತಾರೆ? ಕೋಟಿಗಟ್ಟಲೆ ಯುವಾನ್ ಬಂಡವಾಳ ಎಂದು ಬರೆದು, ಪಾವತಿಯ ದಿನಾಂಕವನ್ನು ಐವತ್ತು ವರ್ಷದ ಆಚೆ ಇಟ್ಟವರಿದ್ದರು. ನೂರು ವರ್ಷ ಬರೆದವರೂ ಇದ್ದರು. ಸರಕು ಕೊಟ್ಟವನು ಬಾಕಿ ಕೇಳಲು ಹೋದರೆ ಕಂಪನಿಯಲ್ಲಿ ಹಣವಿಲ್ಲ. ಷೇರುದಾರನನ್ನು ಕೇಳಿದರೆ, ನಾನು ಕೊಡುತ್ತೇನೆ ಎಂದಿದ್ದೇನೆ, ಆದರೆ ಗಡುವು ಇನ್ನೂ ಬಂದಿಲ್ಲ ಎನ್ನುತ್ತಾನೆ. ಇನ್ನೂ ಜಾಣರು ಸಾಲ ಹೆಚ್ಚಾದ ಕೂಡಲೇ ತಮ್ಮ ಷೇರನ್ನು ಏನೂ ಇಲ್ಲದ ಬಡವನ ಹೆಸರಿಗೆ ವರ್ಗಾಯಿಸಿ ಜಾಗ ಖಾಲಿ ಮಾಡುತ್ತಿದ್ದರು.

ಇದಕ್ಕೆ ಉತ್ತರವಾಗಿ ಬಂದದ್ದು 2023ರ ಪರಿಷ್ಕರಣೆ. ಮೊದಲ ಕಾನೂನಿಗೆ ಸರಿಯಾಗಿ ಮೂವತ್ತು ವರ್ಷ ತುಂಬಿದ ದಿನ, ಡಿಸೆಂಬರ್ 29ರಂದೇ, ಒಪ್ಪಿಗೆಯಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿದೆ. ಒಟ್ಟು 266 ವಿಧಿಗಳು. ಅದರಲ್ಲಿ ನಮ್ಮ ವಿಷಯಕ್ಕೆ ಬೇಕಾದದ್ದು ಕೆಲವೇ.

47ನೇ ವಿಧಿಯ ಪ್ರಕಾರ ಲಿಮಿಟೆಡ್ ಕಂಪನಿಯ ಷೇರುದಾರ ಒಪ್ಪಿದ ಹಣವನ್ನು ಕಂಪನಿ ಸ್ಥಾಪನೆಯಾದ ಐದು ವರ್ಷದ ಒಳಗೆ ಪೂರ್ತಿ ಕಟ್ಟಲೇಬೇಕು. ಕಟ್ಟದವನಿಗೆ ಕಂಪನಿ ಲಿಖಿತವಾಗಿ ಕರೆ ಕೊಡಬೇಕು, ಕೊಡುವ ಕಾಲಾವಕಾಶ 60 ದಿನಕ್ಕೆ ಕಡಿಮೆ ಇರಬಾರದು. ಆಮೇಲೂ ಕಟ್ಟದಿದ್ದರೆ ಆಡಳಿತ ಮಂಡಳಿ ತೀರ್ಮಾನಿಸಿ ನೋಟಿಸ್ ಕಳಿಸಿದರೆ ಕಟ್ಟದ ಪಾಲಿನ ಮೇಲಿನ ಹಕ್ಕು ಹೋಗುತ್ತದೆ. ಇದು ನಮ್ಮ ಷೇರು ಮುಟ್ಟುಗೋಲೇ. ನಮ್ಮ ಕಂಪನಿ ಕಾಯ್ದೆಯ ಟೇಬಲ್ ಎಫ್‌ನಲ್ಲಿ ನೋಟಿಸ್ ಅವಧಿ ಕನಿಷ್ಠ 14 ದಿನ, ಅಲ್ಲಿ 60. ಆದರೆ ಮುಂದಿನ ಹೆಜ್ಜೆ ನಮ್ಮ ಪಠ್ಯದಲ್ಲಿಲ್ಲದ್ದು. ಕಿತ್ತುಕೊಂಡ ಪಾಲನ್ನು ಆರು ತಿಂಗಳಲ್ಲಿ ಬೇರೆಯವರಿಗೆ ಕೊಡದಿದ್ದರೆ, ಬಂಡವಾಳವನ್ನೂ ಕಡಿತ ಮಾಡದಿದ್ದರೆ, ಉಳಿದ ಷೇರುದಾರರೇ ತಮ್ಮ ಪಾಲಿನ ಪ್ರಮಾಣದಲ್ಲಿ ಆ ಹಣ ತುಂಬಿಕೊಡಬೇಕು! ಜೊತೆಗಾರ ಕೊಡದಿದ್ದರೆ ನೀನು ಕೊಡು ಎಂದಂತಾಯಿತು. ಕರೆ ಕೊಡಬೇಕಾದ ನಿರ್ದೇಶಕರು ಸುಮ್ಮನೆ ಕೂತಿದ್ದರಿಂದ ಕಂಪನಿಗೆ ನಷ್ಟವಾದರೆ ಅದಕ್ಕೆ ಅವರೂ ಹೊಣೆ.

ಪತ್ರಿಕೆಗಳಲ್ಲಿ ಹೆಚ್ಚು ಸುದ್ದಿಯಾದದ್ದು ಐದು ವರ್ಷದ ಗಡುವು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು 54ನೇ ವಿಧಿ. ಬಾಕಿಯ ದಿನ ಬಂದರೂ ಕಂಪನಿ ಸಾಲ ತೀರಿಸಲಾಗದೆ ನಿಂತರೆ, ಗಡುವು ಇನ್ನೂ ಬಾರದಿದ್ದರೂ ಷೇರುದಾರ ಈಗಲೇ ಹಣ ಕಟ್ಟಬೇಕು ಎಂದು ಕಂಪನಿ ಕೇಳಬಹುದು. ಕಂಪನಿ ಮಾತ್ರವಲ್ಲ, ಬಾಕಿ ಬರಬೇಕಾದವನೂ ಕೇಳಬಹುದು. ಐದು ವರ್ಷ ಕಾಯುವ ಶಕ್ತಿ ದೊಡ್ಡ ಬ್ಯಾಂಕಿಗೆ ಇರುತ್ತದೆ. ಕಬ್ಬಿಣ ತಂದ ಅಂಗಡಿಗೆ ತಿಂಗಳ ಕೊನೆಗೆ ದುಡ್ಡು ಕೊಡಬೇಕಾದವನಿಗೆ ಇರುವುದಿಲ್ಲ. ಬಡವನ ಹೆಸರಿಗೆ ಷೇರು ದಾಟಿಸುವ ಉಪಾಯಕ್ಕೆ 88ನೇ ವಿಧಿ ತಡೆ ಹಾಕಿದೆ. ಕೊಂಡವನು ಕಟ್ಟದಿದ್ದರೆ ಕೊಟ್ಟವನು ಕೊರತೆ ತುಂಬಬೇಕು.

ಹಳೆಯ ಕಂಪನಿಗಳ ಕಥೆ? ಅವುಗಳಿಗೆ ಮೂರು ವರ್ಷದ ಅವಕಾಶ ಕೊಟ್ಟಿದ್ದಾರೆ. 2027ರ ಜೂನ್ 30ರ ಒಳಗೆ ಪಾವತಿ ಅವಧಿಯನ್ನು ಸರಿಪಡಿಸಿಕೊಳ್ಳಬೇಕು, ಅಲ್ಲಿಂದ ಐದು ವರ್ಷದಲ್ಲಿ, ಅಂದರೆ 2032ರ ಜೂನ್ 30ರ ಒಳಗೆ ಕಟ್ಟಿ ಮುಗಿಸಬೇಕು. ಬರೆದುಕೊಂಡಷ್ಟು ಕಟ್ಟಲಾಗದು ಎಂದು ಬಂಡವಾಳದ ಅಂಕಿಯನ್ನೇ ಇಳಿಸಿಕೊಂಡ ಕಂಪನಿಗಳು ಬಹಳ. ಇಳಿಸುವುದಕ್ಕೂ ನಿಯಮವಿದೆ. ಸಾಲ ಕೊಟ್ಟವರಿಗೆ ಹತ್ತು ದಿನದಲ್ಲಿ ತಿಳಿಸಬೇಕು, ಮೂವತ್ತು ದಿನದಲ್ಲಿ ಪ್ರಕಟಣೆ ಹೊರಡಿಸಬೇಕು. ಅಂಕಿ ಚಿಕ್ಕದಾದರೂ ಅದು ನಿಜವಾದ ಅಂಕಿ ಆಯಿತಲ್ಲ, ನೋಡಿದವನಿಗೆ ಗೊತ್ತಾಗುತ್ತದೆ. ನನಗೆ ಇದು ನಷ್ಟ ಎನಿಸುವುದಿಲ್ಲ.

ಇಷ್ಟು ಓದಿದ ಮೇಲೆ ನಾನು ಕೇಳಿಕೊಂಡ ಪ್ರಶ್ನೆ ಇದು. ಈ ಕಾನೂನು ನಮ್ಮಲ್ಲಿ ಇದ್ದಿದ್ದರೆ ಮಾಮುವಿನ ಹಣ ಬರುತ್ತಿತ್ತೇ?

ಬರುತ್ತಿರಲಿಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ದೇಶವೂ ಚೀನಾದಂಥದೇ ದಾರಿಯಲ್ಲಿ ನಡೆದಿದೆ. 2000ದ ತಿದ್ದುಪಡಿಯಿಂದ ಪ್ರೈವೇಟ್ ಕಂಪನಿಗೆ ಕನಿಷ್ಠ 1 ಲಕ್ಷ, ಪಬ್ಲಿಕ್ ಕಂಪನಿಗೆ 5 ಲಕ್ಷ ಪಾವತಿಯಾದ ಬಂಡವಾಳ ಇರಬೇಕಿತ್ತು. 2013ರ ಕಾಯ್ದೆಯಲ್ಲೂ ಅದೇ ಉಳಿಯಿತು. 2015ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು, ಕಾರಣವೂ ಅದೇ, ಕಂಪನಿ ಶುರುಮಾಡುವುದು ಸುಲಭವಾಗಲಿ ಎಂದು. ಆದರೆ ಬರಿಯ ಮಾತಿನ ಬಂಡವಾಳಕ್ಕೆ ನಮ್ಮಲ್ಲಿ ಬೇಗನೆ ತಡೆ ಬಿತ್ತು. 2018ರ ನವೆಂಬರ್‌ನಲ್ಲಿ ಬಂದ 10ಎ ಕಲಮಿನ ಪ್ರಕಾರ ಹೊಸ ಕಂಪನಿಯ ಸ್ಥಾಪಕ ಷೇರುದಾರರೆಲ್ಲ ಒಪ್ಪಿದ ಹಣ ಕಟ್ಟಿದ್ದಾರೆ ಎಂದು ನಿರ್ದೇಶಕ 180 ದಿನದ ಒಳಗೆ ಘೋಷಣೆ ಸಲ್ಲಿಸಬೇಕು. ಸಲ್ಲಿಸುವವರೆಗೆ ವ್ಯವಹಾರ ಶುರುಮಾಡುವಂತಿಲ್ಲ, ಸಾಲ ತೆಗೆಯುವಂತಿಲ್ಲ. ಚೀನಾದ ಐದು ವರ್ಷದ ಎದುರು ನಮ್ಮದು ಆರು ತಿಂಗಳು.

ಹಾಗಾಗಿ ಮಾಮುವಿಗೆ ಬಾಕಿ ಉಳಿಸಿಕೊಂಡ ಕಂಪನಿ ಈ ವಿಷಯದಲ್ಲಿ ಕಾನೂನು ಮುರಿದಿರಲಿಲ್ಲ. 1 ಲಕ್ಷ ಕೊಡುತ್ತೇವೆ ಎಂದರು, 1 ಲಕ್ಷ ಕೊಟ್ಟರು. ಷೇರುದಾರರ ಹೊಣೆ ಮುಗಿಯಿತು. ಹತ್ತು ಲಕ್ಷ ಎಂಬುದು ಗಡಿ ಮಾತ್ರ, ಯಾರೂ ಯಾರಿಗೂ ಕೊಡುತ್ತೇವೆ ಎಂದದ್ದಲ್ಲ. ಒಪ್ಪಿದ ಹಣ ಕಟ್ಟಿಸುವುದು ಕಾನೂನಿಗೆ ಸಾಧ್ಯ. ಒಪ್ಪಿದ ಹಣ ವ್ಯವಹಾರಕ್ಕೆ ಸಾಲುವಷ್ಟಿದೆಯೇ ಎಂದು ಚೀನಾದ ಹೊಸ ಕಾನೂನೂ ಕೇಳುವುದಿಲ್ಲ, ನಮ್ಮದೂ ಕೇಳುವುದಿಲ್ಲ. ಕನಿಷ್ಠ ಮೊತ್ತ ನಿಗದಿ ಮಾಡಿದರೂ ಪ್ರಯೋಜನ ಕಡಿಮೆ ಎಂದು ಎರವಲು ಹಣದ ಕಾಲದಲ್ಲೇ ಕಂಡಿದ್ದೇವೆ.

ಪಾವತಿಯಾದ ಬಂಡವಾಳ ಚಿಕ್ಕದಿದ್ದ ಮಾತ್ರಕ್ಕೆ ಕಂಪನಿ ಕೆಟ್ಟದ್ದು ಎಂದೂ ತಿಳಿಯಬಾರದು. ಬಿದರೆಹಳ್ಳಿ ಕಾವಲ್ ಕಾರ್ಖಾನೆಯ ಎಚ್‌ಎಎಲ್‌ನ ಪಾವತಿಯಾದ ಷೇರು ಬಂಡವಾಳ ಸುಮಾರು 334 ಕೋಟಿ. 2023-24ರಲ್ಲಿ ಅದರ ವರಮಾನ 30,000 ಕೋಟಿ ರೂಪಾಯಿಗೂ ಹೆಚ್ಚು. ವರ್ಷವರ್ಷದ ಲಾಭದಲ್ಲಿ ಉಳಿಸಿದ್ದು ಮೀಸಲು ನಿಧಿಯಾಗಿ ಬ್ಯಾಲೆನ್ಸ್ ಶೀಟಿನಲ್ಲಿ ಕೂತಿರುತ್ತದೆ. ಆದ್ದರಿಂದ ಬಂಡವಾಳದ ಸಾಲು ಒಂದನ್ನೇ ನೋಡಿದರೆ ಸಾಲದು. ರಿಸರ್ವ್ಸ್ ಮತ್ತು ಸರ್‌ಪ್ಲಸ್ ನೋಡಬೇಕು, ಸಾಲ ನೋಡಬೇಕು. ನಾವು ಹಾಳೆ ತುಂಬ ಗೀಟು ಹಾಕಿ ಬರೆಯುವ ಆ ಶೀಟು ಯಾರಿಗೋಸ್ಕರ ಎಂದು ನನಗೆ ಅರ್ಥವಾದದ್ದು ಇಲ್ಲಿ.

ಎಚ್‌ಎಎಲ್ ಸರ್ಕಾರಿ ಕಂಪನಿ ಎಂಬ ಬಗ್ಗೆಯೂ ಒಂದೆರಡು ಮಾತು. ಪಾವತಿಯಾದ ಬಂಡವಾಳದಲ್ಲಿ ಸರ್ಕಾರದ ಪಾಲು ಶೇ 51ಕ್ಕೆ ಕಡಿಮೆ ಇಲ್ಲದಿದ್ದರೆ ಅದು ಸರ್ಕಾರಿ ಕಂಪನಿ. ಇಲ್ಲೂ ಲೆಕ್ಕಕ್ಕೆ ಬರುವುದು ಪಾವತಿಯಾದದ್ದೇ. 2018ರ ಮಾರ್ಚ್‌ನಲ್ಲಿ ಎಚ್‌ಎಎಲ್ ಷೇರು ಮಾರುಕಟ್ಟೆಗೆ ಬಂತು. ಈಗ ಶೇ 71.64ರಷ್ಟು ಷೇರು ಭಾರತದ ರಾಷ್ಟ್ರಪತಿಯವರ ಹೆಸರಿನಲ್ಲಿದೆ, ಉಳಿದದ್ದು ಸಂಸ್ಥೆಗಳ ಮತ್ತು ನಮ್ಮ ನಿಮ್ಮಂಥವರ ಕೈಯಲ್ಲಿ. ಆದರೂ ಕಾನೂನಿನ ಕಣ್ಣಿಗೆ ಕಂಪನಿ ಬೇರೆ, ಸರ್ಕಾರ ಬೇರೆ. ಕಂಪನಿಯ ಸಾಲ ಸರ್ಕಾರದ ಸಾಲವಲ್ಲ. ನಮ್ಮಲ್ಲಿ ಖಾಸಗಿಯಾಗಿ ಹುಟ್ಟಿದ ಕಂಪನಿಯನ್ನು ಸರ್ಕಾರ ಕೊಂಡಿತು. ಚೀನಾದಲ್ಲಿ ತಿರುಗುಮುರುಗು, ಸರ್ಕಾರಿ ಕಾರ್ಖಾನೆಗಳನ್ನು ಕಂಪನಿಗಳಾಗಿ ಮಾರ್ಪಡಿಸುವುದು 1993ರ ಕಾನೂನಿನ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು. ನಮ್ಮ ಸರ್ಕಾರಿ ಕಂಪನಿಯ ಲೆಕ್ಕವನ್ನು ಸಿಎಜಿ ನೋಡುತ್ತಾರೆ, ವರದಿ ಸಂಸತ್ತಿಗೆ ಹೋಗುತ್ತದೆ. ಅಲ್ಲಿನ ಹೊಸ ಕಾನೂನು ಸರ್ಕಾರಿ ಬಂಡವಾಳದ ಕಂಪನಿಗಳಲ್ಲಿ ಕಮ್ಯುನಿಸ್ಟ್ ಪಕ್ಷದ ಘಟಕಕ್ಕೆ ನಾಯಕತ್ವದ ಪಾತ್ರವನ್ನು ಬರೆದುಕೊಟ್ಟಿದೆ. ಇದು ನನಗೆ ಒಪ್ಪಿಗೆಯಾಗಲಿಲ್ಲ, ಲೆಕ್ಕ ಕೇಳುವವರು ಹೊರಗಿನವರಾಗಿರಬೇಕು. ಆದರೆ ಅದೇ ಕಾನೂನಿನಲ್ಲಿ 300ಕ್ಕಿಂತ ಕಡಿಮೆ ಇಲ್ಲದಷ್ಟು ಕೆಲಸಗಾರರಿರುವ ಕಂಪನಿಯ ಆಡಳಿತ ಮಂಡಳಿ ಅಥವಾ ಮೇಲ್ವಿಚಾರಣಾ ಮಂಡಳಿಯಲ್ಲಿ ಕೆಲಸಗಾರರ ಪ್ರತಿನಿಧಿ ಇರಬೇಕು ಎಂದಿದೆ. ಅದು ಇಷ್ಟವಾಯಿತು.

ಮತ್ತೆ ಬಾಕಿಯ ವಿಷಯ. ಸಣ್ಣ ಅಂಗಡಿಯವನಿಗೆ ಬೇರೆ ದಾರಿ ಏನಿದೆ? ದಿವಾಳಿ ಸಂಹಿತೆಯಡಿ ಕಂಪನಿಯ ಮೇಲೆ ಅರ್ಜಿ ಹಾಕಲು ಬಾಕಿ ಕನಿಷ್ಠ 1 ಕೋಟಿ ಇರಬೇಕು. 2020ರ ಮಾರ್ಚ್‌ವರೆಗೆ 1 ಲಕ್ಷವಿತ್ತು, ಕೊರೊನಾ ಹೊತ್ತಿನಲ್ಲಿ ಏರಿಸಿದ್ದು ಇಳಿದಿಲ್ಲ. 2,40,000ಕ್ಕೆ ಆ ಬಾಗಿಲು ಮುಚ್ಚಿದೆ. ಸಿವಿಲ್ ಕೋರ್ಟ್ ಇದೆ, ವಕೀಲರ ಫೀಸೂ ಇದೆ. ನಿಜಕ್ಕೂ ಉಪಯೋಗಕ್ಕೆ ಬರುವುದು 2006ರ ಎಂಎಸ್‌ಎಂಇ ಕಾಯ್ದೆ. ಸಣ್ಣ ಉದ್ಯಮದಿಂದ ಸರಕು ಅಥವಾ ಸೇವೆ ಪಡೆದವರು ಒಪ್ಪಂದದ ದಿನದೊಳಗೆ ಹಣ ಕೊಡಬೇಕು, ಒಪ್ಪಂದ ಏನೇ ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಆನ್‌ಲೈನಿನಲ್ಲಿ ದೂರು ಹಾಕಿದರೆ ರಾಜ್ಯದ ಮಂಡಳಿ ವಿಚಾರಣೆ ನಡೆಸುತ್ತದೆ. ಇದರ ಉಪಯೋಗ ಪಡೆಯಲು ‘ಉದ್ಯಮ್’ ನೋಂದಣಿ ಬೇಕು. ಸರಕು ಕೊಡುವ ಮೊದಲೇ ನೋಂದಣಿ ಆಗಿರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತ್ತು. 2025ರಲ್ಲಿ ಇನ್ನೊಂದು ಪೀಠ ಬೇರೆ ಅಭಿಪ್ರಾಯಪಟ್ಟು ವಿಷಯವನ್ನು ದೊಡ್ಡ ಪೀಠಕ್ಕೆ ಕಳಿಸಿದೆ. ಮಾಮು ನೋಂದಣಿ ಮಾಡಿಸಿರಲಿಲ್ಲ. ದೊಡ್ಡ ಪೀಠದ ತೀರ್ಪು ಬರಲಿ, ಆಮೇಲೆ ನೋಡೋಣ ಎಂದು ಕಾಗದಗಳನ್ನೆಲ್ಲ ಒಂದು ಫೈಲಿನಲ್ಲಿ ಇಟ್ಟಿದ್ದೇವೆ.

ನಮ್ಮ ಕಾಲೇಜಿನಲ್ಲಿ ಗ್ಯಾರೇಜು, ಟೈಲರಿಂಗ್, ಬೇಕರಿ, ಮರಗೆಲಸ, ಫ್ಯಾಬ್ರಿಕೇಷನ್ ಮನೆಗಳಿಂದ ಬಂದವರು ಬಹಳ ಜನ ಇದ್ದೇವೆ. ಬಿದರೆಹಳ್ಳಿ ಕಾವಲ್ ಸುತ್ತ ಇನ್ನಷ್ಟು ಕಂಪನಿಗಳು ಬಂದರೆ ಅವಕ್ಕೆ ಶೆಡ್ಡು ಕಟ್ಟುವವರು, ಊಟ ಒದಗಿಸುವವರು, ಸಮವಸ್ತ್ರ ಹೊಲಿಯುವವರು ನಮ್ಮ ಮನೆಯವರೇ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಒಬ್ಬರೇ ಮಾಲೀಕರಿದ್ದರೆ ಆಧಾರ್ ಮತ್ತು ಪ್ಯಾನ್ ಸಾಕು, ಬೇರೆ ಕಾಗದ ಅಪ್‌ಲೋಡ್ ಮಾಡಬೇಕಿಲ್ಲ. ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ. ಆರ್ಡರ್ ಕೊಟ್ಟ ಕಂಪನಿಯ ಹೆಸರನ್ನು ಸಚಿವಾಲಯದ ಜಾಲತಾಣದಲ್ಲಿ ಹುಡುಕಿದರೆ ಪಾವತಿಯಾದ ಬಂಡವಾಳ, ಕೊನೆಯ ಬ್ಯಾಲೆನ್ಸ್ ಶೀಟ್ ಸಲ್ಲಿಸಿದ ದಿನಾಂಕ ಮತ್ತು ‘ಚಾರ್ಜ್’ ಎಂಬ ಪಟ್ಟಿ ಸಿಗುತ್ತದೆ. ಚಾರ್ಜ್ ಎಂದರೆ ಕಂಪನಿಯ ಆಸ್ತಿಯನ್ನು ಯಾವ ಬ್ಯಾಂಕಿಗೆ ಎಷ್ಟಕ್ಕೆ ಒತ್ತೆ ಇಟ್ಟಿದ್ದಾರೆ ಎಂಬ ವಿವರ. ಕಂಪನಿ ಮುಳುಗಿದರೆ ಅವರ ಪಾಳಿ ಮೊದಲು, ಉದ್ರಿ ಕೊಟ್ಟವರದು ಬಹಳ ಹಿಂದೆ. ಮಾಮು ಈಗ ಯಾವುದೇ ಕಂಪನಿಯ ಆರ್ಡರ್ ಬಂದರೆ ವಿಸಿಟಿಂಗ್ ಕಾರ್ಡಿನ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡುತ್ತಾರೆ. ಕಳೆದ ತಿಂಗಳು ಎರಡು ಬಂದವು. ಒಂದರ ಕೊನೆಯ ಬ್ಯಾಲೆನ್ಸ್ ಶೀಟ್ ನಾಲ್ಕು ವರ್ಷ ಹಳೆಯದು. ಅದಕ್ಕೆ ಮಾಮು ಪೂರ್ತಿ ಹಣ ಮುಂಗಡ ಕೇಳಿದರು. ಅವರು ಮತ್ತೆ ಫೋನ್ ಮಾಡಿಲ್ಲ.